ಕಡಲು ನುಂಗಿದ್ದು

ಹಡಗಿಗೆ ಬೆಂಕಿ ಬಿದ್ದ ಸುದ್ದಿಯನ್ನು ಮುಂಬಯಿಯ ಜನ ಮೊದಮೊದಲು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ದಡದಿಂದ ಒಂದು ಹಗಲು ಒಂದು ರಾತ್ರಿಯ ಪಯಣದಷ್ಟು ದೂರದಲ್ಲಿ ಯಾವುದೋ ದೇಶದ ಬಾವುಟ ಹೊತ್ತ ಕಂಟೇನರ್ ಹಡಗೊಂದು ಉರಿಯುತ್ತಿತ್ತು. ನಾವಿಕರನ್ನೆಲ್ಲ ಪಾರು ಮಾಡಿದ್ದರು. ಟೀವಿಯವರು ಹೊಗೆ ತೋರಿಸಿದರು. ಲೋಕಲ್ ರೈಲಿನಲ್ಲಿ ನಿಂತವರು ಫೋನಿನಲ್ಲಿ ಅದನ್ನು ನೋಡಿ, ಮುಂದಿನ ಸ್ಟೇಷನ್ ಬಂತೆಂದು ಫೋನನ್ನು ಕಿಸೆಗೆ ಹಾಕಿಕೊಂಡರು. ಫೆಬ್ರವರಿಯ ಕೊನೆಗೆ ಹಡಗು ಮುಳುಗಿತು. ಅದೂ ಒಂದು ಸಣ್ಣ ಸುದ್ದಿ.

ಮುಳುಗಿದ ಮೇಲೆ ಬಂದದ್ದು ನಿಜವಾದ ಸುದ್ದಿ. ಎಲ್ಲೋ ಹಳೆಯ ಅಣುಸ್ಥಾವರವೊಂದನ್ನು ಕೆಡವುತ್ತಿದ್ದವರು ಅದರ ಕೊಳವೆಗಳನ್ನು ತೊಳೆದ ನೀರನ್ನು ಉಕ್ಕಿನ ಡ್ರಮ್ಮುಗಳಲ್ಲಿ ತುಂಬಿ, ಬಣ್ಣ ತಯಾರಿಸುವ ರಾಸಾಯನಿಕ ಎಂದು ಸುಳ್ಳು ಬರೆದು ಸಾಗಹಾಕಿದ್ದರು. ಆ ನೀರಿನಲ್ಲಿ ವಿಕಿರಣ ಸೂಸುವ ಕೋಬಾಲ್ಟ್ ಕರಗಿತ್ತು. ಅರ್ಧದಷ್ಟು ಡ್ರಮ್ಮುಗಳು ಡೆಕ್ಕಿನ ಮೇಲೆಯೇ ಬೆಂಕಿಗೆ ಸಿಡಿದು ಕಡಲಿಗೆ ಸುರಿದಿದ್ದವು. ಉಳಿದರ್ಧ ಹಡಗಿನ ಹೊಟ್ಟೆಯಲ್ಲಿಯೇ ತಳಕ್ಕೆ ಹೋಗಿದ್ದವು.

ಇದು ವಿನೋದಿನಿಗೆ ಗೊತ್ತಾದಾಗ ಅವಳು ದಾದರ್ ಸ್ಟೇಷನ್ನಿನ ಸೇತುವೆಯ ಮೇಲಿದ್ದಳು. ಕಚೇರಿಯಿಂದ ಸಹೋದ್ಯೋಗಿ ಅಭಿರಾಮ್ ಫೋನು ಮಾಡಿ ಹೇಳಿದ. ಕೇಳಿದವಳೇ ನಡುದಾರಿಯಲ್ಲಿ ನಿಂತುಬಿಟ್ಟಳು. ಹಿಂದಿನಿಂದ ಬಂದವರು ಭುಜ ತಾಗಿಸಿ, "ಪುಢೇ ಚಲಾ, ಪುಢೇ ಚಲಾ", ಮುಂದೆ ನಡೆಯಿರಿ ಎಂದು ಮರಾಠಿಯಲ್ಲಿ ಗೊಣಗುತ್ತ ಹೋದರು. ಹೂವಿನ ಮಾರ್ಕೆಟ್ಟಿನಿಂದ ಮೂಟೆ ಹೊತ್ತು ಬಂದವನೊಬ್ಬ ಅವಳನ್ನು ಬಳಸಿಕೊಂಡು ನಡೆದ. ಅವಳಿಗೆ ಬೈಗುಳವೂ ಕೇಳಿಸಲಿಲ್ಲ, ಹೂವಿನ ವಾಸನೆಯೂ ಬರಲಿಲ್ಲ. ಹಡಗು ಮುಳುಗಿದ ಜಾಗ ಅವಳಿಗೆ ಗೊತ್ತಿದ್ದ ಜಾಗ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ನೀರು ಹರಿದು ಹೋಗುವ ದಿಕ್ಕಿನಲ್ಲಿ, ಕಡಲೊಳಗೆ ಅವಳ ಸಂಶೋಧನೆಯ ಆಲಿಕೆಗಳು ತೂಗುತ್ತಿದ್ದವು.

ವಿನೋದಿನಿ ಕಡಲನ್ನು ಅಧ್ಯಯನ ಮಾಡುವ ಸಂಸ್ಥೆಯೊಂದರ ವಿಜ್ಞಾನಿ. ವಡಾಲಾದ ಬದಿಯಲ್ಲಿ ಅವರ ಕಚೇರಿ. ಅವಳ ಕೆಲಸವೇನೆಂದು ನೆಂಟರು ಕೇಳಿದರೆ ಅವಳು, ಸಮುದ್ರದಲ್ಲಿ ಮೇಲಿನಿಂದ ಕೆಳಗೆ ಬೀಳುವ ಕಸ ಹಿಡಿಯುತ್ತೇನೆ ಎನ್ನುತ್ತಿದ್ದಳು. ಮಾತು ತಮಾಷೆಯದಾದರೂ ಸುಳ್ಳಲ್ಲ. ಬಿಸಿಲು ತಾಗುವ ಮೇಲ್ನೀರಿನಲ್ಲಿ ಹುಟ್ಟಿ ಸಾಯುವ ಕಣ್ಣಿಗೆ ಕಾಣದ ಜೀವಿಗಳ ಹೆಣ, ಅವನ್ನು ತಿನ್ನುವ ಪುಟ್ಟ ಜೀವಿಗಳ ಹಿಕ್ಕೆ, ಲೋಳೆ, ಕಳಚಿದ ಚಿಪ್ಪು ಎಲ್ಲವೂ ಅಂಟಿಕೊಂಡು, ಬೂದಿಯ ಚೂರುಗಳ ಹಾಗೆ, ಕೆಳಗಿನ ಕತ್ತಲೆಗೆ ಸದಾ ಉದುರುತ್ತಿರುತ್ತವೆ. ಅದನ್ನು ಹಿಡಿಯಲು ಸಂಸ್ಥೆಯವರು ಕಡಲ ತಳಕ್ಕೆ ಭಾರ ಕಟ್ಟಿ ನಿಲ್ಲಿಸಿದ ಹಗ್ಗಕ್ಕೆ ಎರಡು ದೊಡ್ಡ ಆಲಿಕೆಗಳನ್ನು ಬಿಗಿದಿದ್ದರು. ಒಂದು ಅರ್ಧ ಕಿಲೋಮೀಟರ್ ಆಳದಲ್ಲಿ, ಇನ್ನೊಂದು ಒಂದೂವರೆ ಕಿಲೋಮೀಟರ್ ಆಳದಲ್ಲಿ. ಒಬ್ಬ ಮನುಷ್ಯ ಒಳಗೆ ಕೂರುವಷ್ಟು ಅಗಲದ ಆಲಿಕೆಯ ಬುಡದಲ್ಲಿ ಬಾಟಲಿಗಳ ಚಕ್ರ. ವಾರಕ್ಕೊಂದು ಬಾಟಲಿ ಬಾಯಿ ತೆರೆಯುತ್ತದೆ, ವಾರ ಕಳೆದೊಡನೆ ಮುಚ್ಚಿಕೊಳ್ಳುತ್ತದೆ. ಹೀಗೆ ಯಾವ ವಾರ ಏನು ಬಿತ್ತೆಂದು ತಿಳಿಯುತ್ತದೆ.

ಮುಂಬಯಿ ಮೀನು ತಿನ್ನುವುದನ್ನು ನಿಲ್ಲಿಸಿತು. ಮಾರ್ಕೆಟ್ಟುಗಳಲ್ಲಿ ಮೀನು ಮಾರುವ ಕೋಲಿ ಸಮುದಾಯದ ಹೆಂಗಸರು ಬುಟ್ಟಿಯ ಮುಂದೆ ನೊಣ ಓಡಿಸುತ್ತ ಕೂತರು. ಬಾಂದ್ರಾ ಸ್ಟೇಷನ್ನಿಗೆ ಸಮೀಪದಲ್ಲಿ ವಿನೋದಿನಿಯ ತಂದೆ ಕೊರಗ ಸಾಲ್ಯಾನರ ಹೋಟೆಲು ಇತ್ತು. ಮಲ್ಪೆಯ ಕಡೆಯವರು ಅವರು. ಹುಳಿಖಾರದ ಬಂಗುಡೆ ಪುಳಿಮುಂಚಿಗೂ ಬೊಂಡಾಸ್, ಅಂದರೆ ಸ್ಕ್ವಿಡ್ಡಿನ, ಸುಕ್ಕಕ್ಕೂ ಊರಿನವರಷ್ಟೇ ಅಲ್ಲ, ಗುಜರಾತಿ ಹುಡುಗರೂ ಕದ್ದು ಬರುತ್ತಿದ್ದ ಹೋಟೆಲು ಅದು. ಕೊರಗರು ಮೀನಿನ ಬೋರ್ಡು ತೆಗೆಸಿ, ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ ಬಡಿಸಿದರು. ಮಗಳಿಗೆ ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ನೀರು ಹೇಗುಂಟು?

ನೀರನ್ನು ಎಲ್ಲರೂ ನೋಡುತ್ತಿದ್ದರು. ಹಡಗು ಮುಳುಗಿದ ಸುತ್ತಮುತ್ತ ಮೀನುಗಾರಿಕೆ ನಿಷೇಧಿಸಿ, ದಿನವೂ ಮೇಲ್ನೀರು ತಂದು ಪರೀಕ್ಷೆ ಮಾಡಿದರು. ಮೊದಲ ದಿನಗಳಲ್ಲಿ ಕೋಬಾಲ್ಟ್ ಧಾರಾಳವಾಗಿ ಕಂಡಿತು. ಎರಡನೇ ವಾರಕ್ಕೆ ಇಳಿಯಿತು. ಮಾರ್ಚ್ ಮುಗಿಯುವ ಹೊತ್ತಿಗೆ ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಸಂಸ್ಥೆಯ ನಿರ್ದೇಶಕ ಸತ್ಯಮೂರ್ತಿಯವರು ಮೈಸೂರಿನವರು, ಮಾತಿನಲ್ಲಿ ಹಿಡಿತ ಉಳ್ಳವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಪೈಕಿ. ಅವರೇ ಪತ್ರಿಕೆಯವರನ್ನು ಕೂರಿಸಿಕೊಂಡು, ಅರಬ್ಬಿ ಸಮುದ್ರಕ್ಕೆ ಇಷ್ಟು ಕೋಬಾಲ್ಟ್ ಎಂದರೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಕಲೆತು ಚದುರಿಹೋಗಿದೆ ಎಂದರು. ಉಳಿದ ಡ್ರಮ್ಮುಗಳ ಬಗ್ಗೆಯೂ ಹೆದರಬೇಕಿಲ್ಲ ಎಂದರು. ಎರಡು ಕಿಲೋಮೀಟರಿಗೂ ಹೆಚ್ಚು ಆಳದ ತಣ್ಣನೆಯ ನೀರು ಮೇಲೆ ಬರಬೇಕಾದರೆ ನೂರಾರು ವರ್ಷ ಬೇಕು. ಅಷ್ಟರಲ್ಲಿ ಆ ಕೋಬಾಲ್ಟು ತಾನಾಗಿಯೇ ವಿಕಿರಣ ಕಳೆದುಕೊಂಡು ಸತ್ತಿರುತ್ತದೆ. ದಿಲ್ಲಿಯ ಸಮಿತಿ ಈ ಮಾತನ್ನು ಒಪ್ಪಿ, ಡ್ರಮ್ಮುಗಳನ್ನು ಅಲ್ಲೇ ಬಿಡುವುದೆಂದು ತೀರ್ಮಾನಿಸುವ ಹಂತಕ್ಕೆ ಬಂತು.

ಊರು ಉಸಿರು ಬಿಟ್ಟಿತು. ಕೊರಗರ ಹೋಟೆಲಿನ ಮುಂದೆ ಮತ್ತೆ ಸಾಲು ಹತ್ತಿತು. ವಿನೋದಿನಿಯೂ ಗಂಡ ಪ್ರಶಾಂತನೂ ಒಂದು ಭಾನುವಾರ ಆಂಟಾಪ್ ಹಿಲ್ಲಿನ ತಮ್ಮ ಮನೆಯಿಂದ ಬಂದು ಅಲ್ಲೇ ಉಂಡರು. ಸತ್ಯಮೂರ್ತಿಯವರ ಲೆಕ್ಕದಲ್ಲಿ ಅವಳಿಗೆ ತಪ್ಪೇನೂ ಕಂಡಿರಲಿಲ್ಲ.

ಏಪ್ರಿಲ್ ನಡುವಿನಲ್ಲಿ ಆಲಿಕೆಗಳನ್ನು ಮೇಲೆ ತರುವ ಸರದಿ ಬಂತು. ಇದು ಹಡಗಿಗಾಗಿ ಮಾಡಿದ್ದಲ್ಲ, ಪ್ರತಿ ವರ್ಷದ ಕೆಲಸ. ಸಂಶೋಧನಾ ನೌಕೆಯಿಂದ ಸಂಕೇತ ಕಳಿಸಿದಾಗ ತಳದ ಭಾರ ಕಳಚಿಕೊಂಡಿತು. ಅರ್ಧ ತಾಸು ಕಾದಮೇಲೆ ಹಳದಿ ತೇಲುಗುಂಡುಗಳು ದೂರದಲ್ಲಿ ಒಂದೊಂದಾಗಿ ತಲೆಯೆತ್ತಿದವು. ಮೇಲಿನ ಆಲಿಕೆಯ ಬಾಟಲಿಗಳನ್ನು ಬಿಚ್ಚಿ ಸಾಲಾಗಿ ಇಡುವಾಗ ಒಂದು ಬಾಟಲಿ ಎಲ್ಲಕ್ಕಿಂತ ತುಂಬಿರುವುದನ್ನು ವಿನೋದಿನಿ ನೋಡಿದಳು. ಹಡಗು ಉರಿದ ಮರುವಾರದ ಬಾಟಲಿ. ಹಸಿರುಗಂದು ಬಣ್ಣದ ಕಾಳುಗಳು ಕುತ್ತಿಗೆಯವರೆಗೆ ಕೂತಿದ್ದವು. ಅವಳಿಗೆ ಅದು ವಿಚಿತ್ರ ಎನಿಸಲಿಲ್ಲ. ಆ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಮೇಲ್ಮೈ ಪಾಚಿಗಟ್ಟಿದ ಕೆರೆಯ ಹಾಗೆ ಹಸಿರಾಗುತ್ತದೆ. ಆ ಹಸಿರನ್ನು ಮೇಯಲು ಲೋಳೆ ಮೈಯ ಪ್ರಾಣಿಗಳು, ಸಾಸಿವೆ ಗಾತ್ರದ ಸಿಗಡಿಯಂಥವು ಕೋಟಿಗಟ್ಟಲೆ ನೆರೆಯುತ್ತವೆ. ಮೇವು ಹೆಚ್ಚಾದರೆ ಹಿಕ್ಕೆಯೂ ಹೆಚ್ಚು.

ದಡಕ್ಕೆ ಬಂದ ಮೇಲೆ ಅಭಿರಾಮ್ ಆ ಬಾಟಲಿಯ ಒಂದು ಪಾಲನ್ನು ಒಣಗಿಸಿ ತನ್ನ ಯಂತ್ರದಲ್ಲಿಟ್ಟ. ಅವನು ವಿನೋದಿನಿಯ ಜೊತೆಗೇ ಕೆಲಸಕ್ಕೆ ಸೇರಿದವನು, ವಿಕಿರಣ ಎಣಿಸುವ ವಿಭಾಗ ಅವನದು. ಮೊಣಕೈ ದಪ್ಪದ ಸೀಸದ ಗೋಡೆಯೊಳಗೆ ಪುಡಿಯನ್ನಿಟ್ಟು ಬಾಗಿಲು ಮುಚ್ಚಿ ದಿನಗಟ್ಟಲೆ ಬಿಟ್ಟರೆ, ಅದರೊಳಗಿರುವ ಒಂದೊಂದು ವಿಕಿರಣ ವಸ್ತುವೂ ಪರದೆಯ ಮೇಲೆ ತನ್ನದೇ ಜಾಗದಲ್ಲಿ ಮೊನೆಯೆತ್ತುತ್ತದೆ. ಕೋಬಾಲ್ಟಿನದು ಒಂದಲ್ಲ, ಎರಡು ಮೊನೆ, ಅಕ್ಕಪಕ್ಕ, ಆಡಿನ ಕೊಂಬುಗಳ ಹಾಗೆ.

ಬೆಳಿಗ್ಗೆ ವಿನೋದಿನಿ ಒಳಗೆ ಬಂದಾಗ ಅಭಿರಾಮ್ ಕುರ್ಚಿಯಿಂದ ಏಳಲಿಲ್ಲ. ಪರದೆಯನ್ನು ಅವಳ ಕಡೆಗೆ ತಿರುಗಿಸಿದ ಅಷ್ಟೆ. ಎರಡು ಕೊಂಬುಗಳು ನೆಟ್ಟಗೆ ನಿಂತಿದ್ದವು.

ಅವಳು ನೋಡಿದ್ದನ್ನು ನಂಬುವ ಬದಲು ಯಂತ್ರವನ್ನೇ ಅನುಮಾನಿಸಿದಳು. ಬಹುಶಃ ಆಲಿಕೆ ಮೇಲೆ ಬರುವಾಗ ಮೇಲ್ನೀರು ತಾಗಿರಬೇಕು, ಇಲ್ಲವೆ ಲ್ಯಾಬಿನಲ್ಲಿ ಯಾರದೋ ಕೈ ತಾಗಿರಬೇಕು ಎಂದಳು. ಇಬ್ಬರೂ ಎಲ್ಲವನ್ನೂ ತೊಳೆದು ಮತ್ತೆ ಎಣಿಸಿದರು. ಹಡಗಿಗೆ ಬೆಂಕಿ ಬೀಳುವ ಮುಂಚಿನ ವಾರಗಳ ಬಾಟಲಿಗಳನ್ನಿಟ್ಟಾಗ ಪರದೆ ಚಪ್ಪಟೆಯಾಗಿ ಮಲಗಿತು. ಆಮೇಲಿನ ಬಾಟಲಿಯನ್ನಿಟ್ಟರೆ ಕೊಂಬುಗಳು ಎದ್ದವು. ಕೊನೆಗೆ ಒಂದೂವರೆ ಕಿಲೋಮೀಟರ್ ಆಳದ ಆಲಿಕೆಯ ಬಾಟಲಿಗಳ ಸರದಿ. ಅಲ್ಲಿ ಏನೂ ಇರಲಾರದು ಎಂದು ಇಬ್ಬರೂ ಅಂದುಕೊಂಡಿದ್ದರು. ಅಲ್ಲಿಯೂ ಇತ್ತು. ಹಡಗು ಉರಿದ ಎರಡನೇ ವಾರಕ್ಕೇ ಅಷ್ಟು ಆಳಕ್ಕೆ ಇಳಿದಾಗಿತ್ತು.

ವಿನೋದಿನಿ ಕಿಟಕಿಯ ಬಳಿ ಹೋಗಿ ನಿಂತಳು. ಮೇಲಿನ ನೀರು ಮಾರ್ಚಿನಲ್ಲಿ ಯಾಕೆ ಚೊಕ್ಕಟವಾಯಿತೆಂದು ಅವಳಿಗೆ ಈಗ ಹೊಳೆಯಿತು. ಕೋಬಾಲ್ಟು ಕಲೆತು ಚದುರಿಹೋಗಿರಲಿಲ್ಲ. ಹಸಿರು ಅದನ್ನು ಮೈಗೆ ಹತ್ತಿಸಿಕೊಂಡಿತ್ತು. ಹಸಿರನ್ನು ಪುಟ್ಟ ಪ್ರಾಣಿಗಳು ಮೇದಿದ್ದವು. ಮೇದದ್ದನ್ನು ಒತ್ತಿ, ಕಾಳು ಕಟ್ಟಿ, ಕೆಳಗೆ ಹಾಕಿದ್ದವು. ನೀರು ಮಾತ್ರವೇ ಇಳಿಯುವುದಾಗಿದ್ದರೆ ತಲೆಮಾರುಗಳು ಬೇಕಾಗುತ್ತಿದ್ದ ದಾರಿಯನ್ನು ಹಿಕ್ಕೆಯ ಕಾಳು ವಾರದಲ್ಲಿ ಮುಗಿಸಿತ್ತು. ಇಡೀ ಊರು ಕಡಲು ತೊಳೆದುಕೊಂಡಿತು ಎಂದು ಸಂಭ್ರಮಿಸುತ್ತಿದ್ದಾಗ, ಕಡಲು ಅದನ್ನು ನುಂಗುತ್ತಿತ್ತು.

ಸತ್ಯಮೂರ್ತಿಯವರಿಗೆ ಹೇಳಿದಾಗ ಅವರು ಇನ್ನೊಮ್ಮೆ ತಮ್ಮೆದುರಿಗೇ ಎಣಿಸಲು ಹೇಳಿದರು. ಕೂತು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಒರೆಸಿದ ಕನ್ನಡಕವನ್ನು ಹಾಕಿಕೊಳ್ಳುವುದನ್ನೇ ಮರೆತು ಕೈಯಲ್ಲಿ ಹಿಡಿದುಕೊಂಡರು. ದಿಲ್ಲಿಗೆ ಹೋದ ವರದಿಯಲ್ಲಿ ತಮ್ಮ ಸಹಿಯಿದೆ ಎಂದು ಮೆಲ್ಲಗೆ ಹೇಳಿದರು. ಆದರೆ ಅವರು ಸುಮ್ಮನೆ ಸೋಲುವ ಮನುಷ್ಯರಲ್ಲ, ಯೋಚಿಸುವವರು.

"ಇಳಿಯಿತು, ಒಪ್ಪಿದೆ," ಎಂದರು. "ನಾವು ಊಹಿಸಿದ್ದಕ್ಕಿಂತ ಬೇಗ ಇಳಿಯಿತು. ಆದರೆ ಕೆಳಗೆ ಹೋದದ್ದು ಕೆಳಗೇ ಇರುತ್ತದಲ್ಲಮ್ಮ? ಮೇಲೆ ತಿನ್ನುವವರಿಗೆ ಅದು ಒಳ್ಳೆಯದೇ ಆಯಿತಲ್ಲ?"

ಅವಳು ಆ ಪ್ರಶ್ನೆಯನ್ನು ಹೊತ್ತುಕೊಂಡೇ ತನ್ನ ಮೇಜಿಗೆ ಹಿಂತಿರುಗಿ ಕೂತಳು.

ಆಲಿಕೆಗಳಿಗೆ ಬೀಳುವ ಕಸದ ಜೊತೆ ಆಗೊಮ್ಮೆ ಈಗೊಮ್ಮೆ ಈಜುವ ಜೀವಿಗಳೂ ಬಂದು ಸಿಕ್ಕಿಹಾಕಿಕೊಳ್ಳುತ್ತವೆ. ಅವು ಬಿದ್ದವಲ್ಲ, ತಾವಾಗಿ ಬಂದವು. ಆದ್ದರಿಂದ ಅವನ್ನು ಚಿಮಟದಿಂದ ಹೆಕ್ಕಿ ಬೇರೆ ಸೀಸೆಗೆ ಹಾಕುವುದು ವಾಡಿಕೆ. ಯಾರೂ ಅವನ್ನು ಎಣಿಸುವುದಿಲ್ಲ. ಈ ಸಲ ಮೇಲಿನ ಆಲಿಕೆಯಲ್ಲಿ ಬೆರಳುದ್ದದ ಒಂದು ಮೀನು ಸಿಕ್ಕಿತ್ತು. ದೊಡ್ಡ ಕಣ್ಣು, ಹೊಟ್ಟೆಯ ಉದ್ದಕ್ಕೂ ಮಿಣುಕುವ ಚುಕ್ಕೆಗಳು. ದೀಪದ ಮೀನು ಎನ್ನುತ್ತಾರೆ ಅದಕ್ಕೆ. ಅದು ಹಗಲೆಲ್ಲ ಆಳದ ಕತ್ತಲೆಯಲ್ಲಿ ಅಡಗಿದ್ದು, ಹೊತ್ತು ಮುಳುಗಿದ ಮೇಲೆ ಮೇಲೆ ಬಂದು ಹೊಟ್ಟೆ ತುಂಬಿಸಿಕೊಂಡು, ಬೆಳಕು ಹರಿಯುವ ಮುಂಚೆ ಕೆಳಗೆ ಹೋಗಿ ಸೇರುತ್ತದೆ. ಅರಬ್ಬಿ ಸಮುದ್ರದಲ್ಲಿ ಈ ಜಾತಿಯ ಮೀನುಗಳಿಗೆ ಲೆಕ್ಕವಿಲ್ಲ. ಅವೆಲ್ಲ ಒಟ್ಟಾಗಿ ಮೇಲೇಳುವಾಗ ನೌಕೆಯ ಯಂತ್ರಗಳಿಗೆ ಕಡಲ ತಳವೇ ಎದ್ದು ಬಂದಂತೆ ಕಾಣುವುದುಂಟು.

ವಿನೋದಿನಿ ಆ ಸೀಸೆಯನ್ನೇ ನೋಡುತ್ತ ಕೂತಿದ್ದಳು. ಬಳಿಕ ಎದ್ದು ಅಭಿರಾಮನ ಬಳಿಗೆ ಹೋಗಿ, ಇದನ್ನೂ ಒಮ್ಮೆ ಇಡೋಣ ಎಂದಳು.

ಆ ಪುಟ್ಟ ಮೀನಿನ ಕೊಂಬುಗಳು ಈವರೆಗೆ ಕಂಡ ಎಲ್ಲಕ್ಕಿಂತ ಎತ್ತರವಾಗಿದ್ದವು.

ಕೆಳಗೆ ಹೋದದ್ದು ಕೆಳಗೇ ಇರುತ್ತದೆ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಈ ಮೀನು ಮೇಲೆ ಉಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಾನೇ ಇಳಿದು ಬಂದಿತ್ತು. ಆಲಿಕೆಗೆ ಬೀಳದಿದ್ದರೆ ಸಂಜೆಗೆ ಅದನ್ನು ಹೊತ್ತುಕೊಂಡೇ ಮತ್ತೆ ಮೇಲೆ ಹೋಗುತ್ತಿತ್ತು. ಅಲ್ಲಿ ಅದಕ್ಕಾಗಿ ಕಾಯುವವರು ಇದ್ದರು. ದೀಪದ ಮೀನನ್ನು ಬೇಟೆಯಾಡುವವರಲ್ಲಿ ಮೊದಲಿಗ ಯಾರೆಂದು ಅವಳಿಗೆ ಗೊತ್ತಿತ್ತು. ಆಳಕಡಲಿನ ದೊಡ್ಡ ಬೊಂಡಾಸು.

ಅವಳು ಅಲ್ಲಿಂದಲೇ ಎದ್ದು, ವಡಾಲಾದಲ್ಲಿ ಬಾಂದ್ರಾ ಲೋಕಲ್ ಹಿಡಿದಳು.

ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಡಿಬಿಡಿ. ಗಲ್ಲಾದಲ್ಲಿ ಕೂತಿದ್ದ ಕೊರಗರು ಮಗಳನ್ನು ಕಂಡು ಮುಖ ಅರಳಿಸಿ, ಮೂಲೆಯ ಮೇಜು ಖಾಲಿ ಉಂಟು ಎಂದು ಕೈಸನ್ನೆ ಮಾಡಿದರು. ಅವಳು ಕೂರಲಿಲ್ಲ. ಬಾಗಿಲ ಬಳಿಯ ಮೇಜಿನಲ್ಲಿ ಒಬ್ಬ ತಾಯಿ ತನ್ನ ಪುಟ್ಟ ಮಗಳಿಗೆ ಬೊಂಡಾಸಿನ ಬಳೆಗಳನ್ನು ಖಾರ ತೊಳೆದು ತಿನ್ನಿಸುತ್ತಿದ್ದಳು. ಹುಡುಗಿ ಒಂದು ಬಳೆಯನ್ನು ಬೆರಳಿಗೆ ಹಾಕಿಕೊಂಡು ನಗುತ್ತಿತ್ತು. ವಿನೋದಿನಿಗೆ ಅದರ ಕೈಯಿಂದ ತಟ್ಟೆ ಕಿತ್ತುಕೊಳ್ಳಬೇಕೆನಿಸಿತು. ಎನಿಸಿದ್ದಕ್ಕೆ ತನಗೇ ಹೆದರಿಕೆಯಾಯಿತು. ಇನ್ನೂ ಏನೂ ಗೊತ್ತಿಲ್ಲ, ಏನೂ ಗೊತ್ತಿಲ್ಲ ಎಂದುಕೊಳ್ಳುತ್ತ ಅಡುಗೆಮನೆಗೆ ನಡೆದಳು.

ಅಡುಗೆಯ ಚೆನ್ನಯಣ್ಣ ಅವಳನ್ನು ಎತ್ತಿ ಆಡಿಸಿದವನು. ಈ ಬೊಂಡಾಸು ಎಲ್ಲಿಯದು ಎಂದು ಅವಳು ಕೇಳಿದಾಗ, ಸಸೂನ್ ಡಾಕ್ ಬಂದರಿನದ್ದು, ದೀಪ ಹಾಕಿ ಹಿಡಿಯುವ ದೂರದ ದೋಣಿಗಳು ಈ ವರ್ಷ ದೊಡ್ಡ ದೊಡ್ಡದು ತಂದಿವೆ ಎಂದ. ಶುಚಿ ಮಾಡದ ಎರಡನ್ನು ಕರುಳು ಸಮೇತ ಸ್ಟೀಲ್ ಡಬ್ಬಿಯಲ್ಲಿ ಐಸು ತುಂಬಿಸಿ ಕೊಡಲು ಹೇಳಿದಳು. ಹೊರಗೆ ಬರುವಾಗ ಕೊರಗರ ಕಣ್ಣು ಡಬ್ಬಿಯ ಮೇಲೆ ಬಿತ್ತು. ಅವರ ಮುಖದ ಮೇಲಿದ್ದ ನಗು ಹೋಯಿತು.

ಬೊಂಡಾಸಿನ ಆಹಾರ ಅರಗಿಸುವ ಗ್ರಂಥಿಯನ್ನು ಒಣಗಿಸಿ ಯಂತ್ರದಲ್ಲಿಟ್ಟರು. ಇಡೀ ಶನಿವಾರ ಭಾನುವಾರ ಯಂತ್ರ ಎಣಿಸಿತು. ಸೋಮವಾರ ಪರದೆಯ ಮೇಲೆ ಎರಡು ಸಣ್ಣ ದಿಬ್ಬಗಳಿದ್ದವು. ಕೊಂಬು ಎನ್ನುವ ಹಾಗಿರಲಿಲ್ಲ, ಚಿಗುರಿದ ಮೊಳಕೆಯಷ್ಟು. ಆದರೂ ಎರಡು, ಅಕ್ಕಪಕ್ಕ, ಇರಬೇಕಾದ ಜಾಗದಲ್ಲಿಯೇ.

ವಿನೋದಿನಿ ಲೆಕ್ಕ ಹಾಕಿದಳು, ಅಭಿರಾಮ್ ಬೇರೆಯಾಗಿ ಹಾಕಿದ. ಇಬ್ಬರದೂ ತಾಳೆಯಾಯಿತು. ಯಾವ ಮೀನಿನಲ್ಲಾದರೂ ಹುಟ್ಟಿನಿಂದಲೇ ಇರುವ ಸಹಜ ವಿಕಿರಣದ ಮುಂದೆ ಅದು ಏನೇನೂ ಅಲ್ಲ. ವರ್ಷವಿಡೀ ತಿಂದರೂ ಯಾರಿಗೂ ಕೇಡಿಲ್ಲ. ಅಭಿರಾಮ್ ಸಮಾಧಾನದ ಉಸಿರು ಬಿಟ್ಟ. ವಿನೋದಿನಿಗೆ ಆ ಸಮಾಧಾನ ಬರಲಿಲ್ಲ.

ಹೋಟೆಲು ಮೂರು ಗಂಟೆಗೆ ಮುಚ್ಚಿ ಸಂಜೆ ಮತ್ತೆ ತೆರೆಯುತ್ತಿತ್ತು. ನಡುವಿನ ಆ ಹೊತ್ತಿನಲ್ಲಿ ಕುರ್ಚಿಗಳನ್ನೆಲ್ಲ ಮೇಜುಗಳ ಮೇಲೆ ಕವುಚಿ ನೆಲ ಒರೆಸುತ್ತಾರೆ. ಅವಳು ಹೋದಾಗ ಕೊರಗರು ಒದ್ದೆ ನೆಲದ ನಡುವೆ ಒಂದೇ ಕುರ್ಚಿ ಇಳಿಸಿಕೊಂಡು ಚಹಾ ಕುಡಿಯುತ್ತಿದ್ದರು. ಅವಳಿಗೂ ಒಂದು ಕುರ್ಚಿ ಇಳಿಸಿದರು.

ಅವಳು ಹೇಳಿದಳು. ಹಸಿರು, ಮೇಯುವ ಪ್ರಾಣಿಗಳು, ಹಿಕ್ಕೆ, ದೀಪದ ಮೀನು, ಬೊಂಡಾಸು ಎಲ್ಲವನ್ನೂ ಹೇಳಿದಳು. ಕೊರಗರ ಕೈಯಲ್ಲಿದ್ದ ಚಹಾ ಆರಿಹೋಯಿತು.

"ಎಷ್ಟು ಉಂಟು?" ಎಂದು ಕೇಳಿದರು ಕೊನೆಗೆ.

"ಇದ್ದೂ ಇಲ್ಲದಷ್ಟು, ಪಪ್ಪ. ತಿಂದವರಿಗೆ ಎಂತದೂ ಆಗುವುದಿಲ್ಲ. ಅದು ನೂರಕ್ಕೆ ನೂರು ಸತ್ಯ."

"ಹಾಗಾದರೆ ನೀನು ಯಾಕೆ ಅಳುವುದು, ಮಗಾ?"

ಅಳುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ. ಕುರ್ತಾದ ತೋಳಿನಿಂದ ಮುಖ ಒರೆಸಿಕೊಂಡಳು.

"ಅದು ಇಲ್ಲಿಗೆ ಬರಲಿಕ್ಕೆ ದಾರಿಯೇ ಇಲ್ಲ ಅಂತ ನಾವೆಲ್ಲ ಲೆಕ್ಕ ಹಾಕಿ ಕೂತಿದ್ದೆವು," ಎಂದಳು. "ಎರಡೇ ತಿಂಗಳಲ್ಲಿ ಆಳಕ್ಕೆ ಇಳಿದು, ಮೇಲೆ ಹತ್ತಿ, ನಿಮ್ಮ ಅಡುಗೆಮನೆಗೆ ಬಂದು ಕೂತಿದೆ. ಮತ್ತೆ ಡ್ರಮ್ಮು ಇನ್ನೂ ಅರ್ಧ ಅಲ್ಲೇ ಉಂಟು, ಪಪ್ಪ. ಅದನ್ನು ಅಲ್ಲೇ ಬಿಡುವುದು ಅಂತ ಮಾಡಿದ್ದಾರೆ."

ಕೊರಗರ ತಂದೆಯ ಅಣ್ಣತಮ್ಮಂದಿರಲ್ಲಿ ಇಬ್ಬರನ್ನು ಕಡಲು ತೆಗೆದುಕೊಂಡಿತ್ತು. ಕಡಲಿನ ಸಿಟ್ಟು ಅವರಿಗೆ ಹೊಸದಲ್ಲ. ಇದು ಸಿಟ್ಟಲ್ಲ, ಬೇರೆ ಏನೋ. ಅವರು ಎದ್ದು ಹೋಗಿ ಚೆನ್ನಯನನ್ನು ಕರೆದು, ದೂರದ ದೋಣಿಯ ಬೊಂಡಾಸು ಇನ್ನು ಬೇಡ ಎಂದರು. ಕೇಳಿದವರಿಗೆ ಯಾಕೆಂದು ನಿಜವನ್ನೇ ಹೇಳಬೇಕು ಎಂದೂ ಹೇಳಿದರು. ಮಗಳು ತಡೆದಳು. ಸಂಸ್ಥೆ ಇನ್ನೂ ಪ್ರಕಟಿಸಿಲ್ಲ, ಗಾಬರಿಯೆದ್ದರೆ ಹೋಟೆಲು ಮುಚ್ಚಬೇಕಾದೀತು ಎಂದಳು. ಹಾಗಾದರೆ ನಿಮ್ಮವರು ಹೇಳುವ ತನಕ ಕಾಯುತ್ತೇನೆ, ಆದರೆ ಬೇಗ ಹೇಳಿಸು ಎಂದರು ಕೊರಗರು.

ಬೇಗ ಹೇಳಿಸುವ ಕೆಲಸ ಅವಳು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅದಕ್ಕೆ ಕಾರಣ ಸತ್ಯಮೂರ್ತಿಯವರು. ದೀಪದ ಮೀನಿನ ಮತ್ತು ಬೊಂಡಾಸಿನ ಪರದೆಗಳನ್ನು ನೋಡಿದ ದಿನ ಅವರು ಊಟಕ್ಕೂ ಏಳದೆ ದಿಲ್ಲಿಗೆ ಹೊಸ ವರದಿ ಬರೆದರು. ಮೇ ತಿಂಗಳಲ್ಲಿ ದಿಲ್ಲಿಯ ಸಮಿತಿ ಮುಂಬಯಿಗೇ ಬಂದು ಕೂತಿತು. ವಿನೋದಿನಿ ಎಲ್ಲವನ್ನೂ ತೋರಿಸಿದಳು. ಸಮಿತಿಯ ಒಬ್ಬ ಅಧಿಕಾರಿ, ಮೀನು ತಿನ್ನಬಹುದೋ ಬೇಡವೋ ಎಂದು ಕೇಳಿದರು. ತಿನ್ನಬಹುದು ಎಂದಳು. ಹಾಗಿದ್ದ ಮೇಲೆ ಈ ಸಭೆ ಏತಕ್ಕೆ ಎಂದು ಅವರು ಕಾಗದಗಳನ್ನು ಜೋಡಿಸತೊಡಗಿದರು.

ಆಗ ಸತ್ಯಮೂರ್ತಿಯವರು ಎದ್ದು ನಿಂತರು. ಆಳದಲ್ಲಿ ಬಿಟ್ಟರೆ ಸಾಕೆಂದು ಬರೆದುಕೊಟ್ಟವನು ನಾನು, ಆ ಮಾತನ್ನು ಇವತ್ತು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದರು.

"ನೀರು ಮೇಲೆ ಬರಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿದೆ," ಎಂದರು. "ನೀರಿನಲ್ಲಿ ಇರುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಿನ್ನುವುದು, ಈಜುವುದು, ಹೇಲುವುದು. ಇಷ್ಟೇ ಅವು ಮಾಡಿದ್ದು. ಸುರಿದ ಅರ್ಧಕ್ಕೆ ಇಷ್ಟಾಯಿತು. ಉಳಿದರ್ಧ ಸೋರುವ ಮುಂಚೆ ತೆಗೆಯಿರಿ."

ಮೈಸೂರಿನ ಆ ಸಂಭಾವಿತರ ಬಾಯಲ್ಲಿ ಅಂಥ ಪದ ಬಂದದ್ದಕ್ಕೆ ಯಾರೂ ನಗಲಿಲ್ಲ.

ಸಮಿತಿ ಡ್ರಮ್ಮುಗಳನ್ನು ಎತ್ತಲು ಒಪ್ಪಿತು, ಸುದ್ದಿಯೂ ಪ್ರಕಟವಾಯಿತು. ಸಂಸ್ಥೆಯವರು ಎಷ್ಟೇ ತೂಕದ ಮಾತಿನಲ್ಲಿ ಹೇಳಿದ್ದರೂ ಟೀವಿಯವರು ಕಿರುಚಿದರು. ಕೊರಗರು ಗಿರಾಕಿಗಳ ಮೇಜಿನಿಂದ ಮೇಜಿಗೆ ತಾವೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೆಲವರು ಅರ್ಧ ತಟ್ಟೆ ಬಿಟ್ಟು ಎದ್ದರು. ಹೋಟೆಲಿನವರ ಸಂಘದಲ್ಲಿ, ನಿನ್ನ ಮಗಳು ನಮ್ಮ ಹೊಟ್ಟೆಯ ಮೇಲೆ ಹೊಡೆದಳು ಎಂದು ಒಬ್ಬರು ಎಲ್ಲರೆದುರಿಗೆ ಅಂದರು. ಕೊರಗರು ಎದ್ದು ಬಂದರು. ಜೂನಿನಲ್ಲಿ ಮಳೆಗಾಲದ ನಿಷೇಧಕ್ಕೆ ದೋಣಿಗಳು ದಡ ಹತ್ತಿದವು. ಮಳೆ ನಿಂತು ದೋಣಿಗಳು ಮತ್ತೆ ಇಳಿದಾಗ ಜನ ನಿಧಾನವಾಗಿ ಬಂಗುಡೆ, ಬೂತಾಯಿಯಂಥ ದಡದ ಹತ್ತಿರದ ಮೀನುಗಳಿಗೆ ಮರಳಿದರು. ಮೊದಲಿನಷ್ಟು ಅಲ್ಲ. ಹೋಟೆಲು ಹೇಗೋ ನಡೆಯಿತು.

ನವೆಂಬರಿನಲ್ಲಿ ಡ್ರಮ್ಮುಗಳನ್ನೆತ್ತುವ ದೊಡ್ಡ ನೌಕೆ ಹೊರಟಿತು. ವಿನೋದಿನಿಯೂ ಅಭಿರಾಮನೂ ಅದರಲ್ಲಿದ್ದರು. ಮನುಷ್ಯರಿಲ್ಲದ ಯಂತ್ರವೊಂದು ಎರಡು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ದೀಪ ಹಾಕಿ, ಹಡಗಿನ ಸೀಳಿದ ಹೊಟ್ಟೆಯನ್ನು ತೋರಿಸಿತು. ಡ್ರಮ್ಮುಗಳು ಒಂದರ ಮೇಲೊಂದು ಮಲಗಿದ್ದವು. ಮುಚ್ಚಳಗಳು ಬಿಗಿಯಾಗಿದ್ದವು. ಒಡೆದಿಲ್ಲ ಎಂದು ನೌಕೆಯವರೆಲ್ಲ ಚಪ್ಪಾಳೆ ತಟ್ಟಿದರು. ಎಂಟು ತಿಂಗಳಿನ ನಂತರ ವಿನೋದಿನಿಯ ಎದೆಯೂ ಮೊದಲ ಸಲ ಹಗುರಾಯಿತು.

ಮೊದಲ ಡ್ರಮ್ಮು ಮಾರನೆಯ ದಿನ ನಡುಹಗಲಿಗೆ ಮೇಲೆ ಬಂತು. ಅದನ್ನು ಹೊತ್ತು ಬಂದ ದೊಡ್ಡ ಕಬ್ಬಿಣದ ತೊಟ್ಟಿಯ ಸಮೇತ ಕ್ರೇನು ಅದನ್ನು ಡೆಕ್ಕಿಗಿಳಿಸಿತು. ಕ್ರೇನು ನಡೆಸುವವನು ಕೆಳಗೆ ಕೂಗಿ, ಇಷ್ಟು ಹಗುರ ಇರಬಾರದಲ್ಲ ಎಂದ. ರಕ್ಷಣೆಯ ಬಟ್ಟೆ ತೊಟ್ಟ ಇಬ್ಬರು ಡ್ರಮ್ಮನ್ನು ಮೆಲ್ಲಗೆ ತಿರುಗಿಸಿದರು. ಮುಚ್ಚಳ ಹಾಗೆಯೇ ಇತ್ತು. ತಳದ ಬೆಸುಗೆ ಮಾತ್ರ ಅಂಗೈ ತೂರುವಷ್ಟು ಬಾಯಿಬಿಟ್ಟಿತ್ತು. ಒಳಗಿದ್ದ ನೀರು ಯಾವಾಗಲೋ ಕಡಲಿನದಾಗಿತ್ತು.

ಆ ಬಿರುಕಿನಿಂದ ಏನೋ ಹೊರಬರತೊಡಗಿತು. ಅಕ್ಕಿಕಾಳಿನಿಂದ ಹಿಡಿದು ಹೆಬ್ಬೆರಳಿನ ಗಾತ್ರದವರೆಗೆ, ಬೆಳ್ಳಗೆ, ಕಣ್ಣಿಲ್ಲದ, ಸಿಗಡಿಯಂಥ ಜೀವಿಗಳು. ಬೆಚ್ಚಗಿನ ಗಾಳಿಗೆ ಸೋತು, ಒಂದರ ಮೇಲೊಂದು ತೆವಳುತ್ತ, ತೊಟ್ಟಿಯೊಳಗೆ ಉದುರಿದವು. ಡ್ರಮ್ಮಿನೊಳಗೆ ಅವು ಮನೆ ಮಾಡಿಕೊಂಡಿದ್ದವು. ಮರಿಗಳೂ ಇದ್ದವು. ಅಭಿರಾಮ್ ವಿಕಿರಣ ಅಳೆಯುವ ಯಂತ್ರವನ್ನು ಅವುಗಳ ಹತ್ತಿರ ಹಿಡಿದ. ಅದು ಎಡೆಬಿಡದೆ ಕಟಕಟನೆ ಸದ್ದು ಮಾಡಿತು. ಚಪ್ಪಾಳೆ ತಟ್ಟಿದವರೊಬ್ಬರು ಡೆಕ್ಕಿನ ಅಂಚಿನ ಕಂಬಿ ಹಿಡಿದುಕೊಂಡು ಕೆಳಗೆ ಕೂತರು.

ಇನ್ನೂ ಎಷ್ಟು ಡ್ರಮ್ಮುಗಳು ಹೀಗಿವೆಯೋ, ಇವುಗಳನ್ನು ತಿಂದವರು ಯಾರೋ, ಅವರು ಈಗ ಎಲ್ಲಿ ಈಜುತ್ತಿದ್ದಾರೋ. ವಿನೋದಿನಿ ಅದನ್ನೆಲ್ಲ ಆಮೇಲೆ ಯೋಚಿಸಬೇಕಾಗಿತ್ತು. ಅಲೆಗೆ ನೌಕೆ ವಾಲಿದಾಗ ತೊಟ್ಟಿಯ ನೀರು ಅಂಚಿನಿಂದ ಚೆಲ್ಲಿ, ಕೆಲವು ಜೀವಿಗಳು ಡೆಕ್ಕಿನ ಮೇಲೆ ಹರಿದು ಕಡಲಿಗೆ ನೀರು ಬಿಡುವ ತೂಬಿನ ಕಡೆಗೆ ಜಾರತೊಡಗಿದವು. ಅವಳು ಕೂಗಿದಳು, ಯಾರೋ ಓಡಿ ಹೋಗಿ ತೂಬಿಗೆ ಬಟ್ಟೆ ತುರುಕಿದರು. ಅವಳು ಎರಡು ಜೊತೆ ಕೈಗವಸು ಏರಿಸಿಕೊಂಡು, ಉದ್ದ ಚಿಮಟ ಹಿಡಿದು ಮಂಡಿಯೂರಿ ಕೂತಳು. ಸುತ್ತ ನಾಲ್ಕೂ ಕಡೆ ನೀಲಿ ಕಡಲು ಥಳಥಳ ಹೊಳೆಯುತ್ತಿತ್ತು. ಅವಳು ತಲೆಯೆತ್ತಿ ನೋಡಲಿಲ್ಲ. ಒಂದೊಂದನ್ನೇ ಹೆಕ್ಕಿ ಸೀಸದ ಡಬ್ಬಿಗೆ ಹಾಕತೊಡಗಿದಳು. ಅಭಿರಾಮನೂ ಇನ್ನೊಂದು ಚಿಮಟ ತಂದು ಎದುರಿಗೆ ಕೂತ. ಒಂದನ್ನೂ ನೀರಿಗೆ ಹೋಗಗೊಡಲಿಲ್ಲ.